ಇಂಪ್ಲಾಂಟ್ ಸುತ್ತ ತಡವಾಗಿ ತುಂಬಿದ ನೀರು

ಮೈಸೂರಿನ ನನ್ನ ಸ್ಕ್ಯಾನಿಂಗ್ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಬಸುರಿಯರು, ಪಿತ್ತಕೋಶದ ಕಲ್ಲಿನವರು, ಥೈರಾಯ್ಡ್ ಗಂಟಿನವರು. ಸ್ತನದಲ್ಲಿ ಇಂಪ್ಲಾಂಟ್, ಅಂದರೆ ಆಕಾರಕ್ಕಾಗಿ ಒಳಗಿಡುವ ಕೃತಕ ಚೀಲ, ಇರುವವರು ಅಪರೂಪ. ಇದ್ದರೂ ತಾವಾಗಿ ಬಾಯಿ ಬಿಡುವುದಿಲ್ಲ. ಮಂಡ್ಯದ ಕಡೆಯ ಆ ಶಿಕ್ಷಕಿಯ ಚೀಟಿಯಲ್ಲೂ ‘ಎಡ ಸ್ತನದಲ್ಲಿ ಊತ’ ಎಂದಷ್ಟೇ ಇತ್ತು. ಕ್ಯಾನ್ಸರಿಗೆ ಸ್ತನ ತೆಗೆದ ಮೇಲೆ ಸಿಲಿಕೋನ್ ಇಂಪ್ಲಾಂಟ್ ಇಡಿಸಿಕೊಂಡಿದ್ದನ್ನು ಆಕೆ ಮಂಚದ ಮೇಲೆ ಮಲಗಿದ ನಂತರ ಹೇಳಿದರು. ಎಷ್ಟು ವರ್ಷವಾಯಿತೆಂದು ಕೇಳಿದೆ. “ಮಗಳು ಆಗ ಒಂದನೇ ತರಗತಿ ಮೇಡಂ, ಈಗ ಪಿಯುಸಿ.”

ಅಷ್ಟು ಹೇಳಿದ್ದೇ ಸಾಕಾಯಿತು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ನೀರು ತುಂಬಿಕೊಳ್ಳುವುದು ಸಾಮಾನ್ಯ. ವರ್ಷಗಳ ಕಾಲ ಸುಮ್ಮನಿದ್ದ ಇಂಪ್ಲಾಂಟ್ ಸುತ್ತ ಏಕಾಏಕಿ ನೀರು ತುಂಬಿದರೆ ಲಿಂಫೋಮಾ ಅಲ್ಲವೆಂದು ಖಾತರಿಯಾಗುವ ತನಕ ಬಿಡಬಾರದು. ಈ ಲಿಂಫೋಮಾ ಸ್ತನ ಕ್ಯಾನ್ಸರ್ ಅಲ್ಲ. ಇಂಪ್ಲಾಂಟ್ ಸುತ್ತ ದೇಹವೇ ಕಟ್ಟಿಕೊಳ್ಳುವ ಪೊರೆಯಲ್ಲಿ, ಅದರೊಳಗಿನ ನೀರಿನಲ್ಲಿ ಬೆಳೆಯುವ, ಟಿ-ಕೋಶಗಳೆಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಇಂಪ್ಲಾಂಟ್ ಇಟ್ಟು ಸರಾಸರಿ ಎಂಟು-ಹತ್ತು ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು.

ಹೊರಗೆ ಕುಳಿತಿದ್ದ ಅವರ ಯಜಮಾನರು ಮ್ಯಾಮೊಗ್ರಾಂ ಮಾಡಿಸಿದರೆ ಸಾಲದೇ ಎಂದು ವಿಚಾರಿಸಿದರು. ಸಾಲದು, ಅದರಲ್ಲಿ ಇಂಪ್ಲಾಂಟ್ ಸುತ್ತಲಿನ ನೀರು ನೆಚ್ಚುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮೊದಲ ಪರೀಕ್ಷೆ ಅಲ್ಟ್ರಾಸೌಂಡೇ.

ನಾನು ಇದಕ್ಕೆ ಹೆಚ್ಚು ಆವರ್ತನದ ಲೀನಿಯರ್ ಪ್ರೋಬ್ (ಮೈಮೇಲೆ ಆಡಿಸುವ ಸ್ಕ್ಯಾನಿಂಗ್ ಹಿಡಿ) ಬಳಸುತ್ತೇನೆ, ಒತ್ತುವುದಿಲ್ಲ. ಒತ್ತಿದರೆ ನೀರು ಪಕ್ಕಕ್ಕೆ ಸರಿದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅಂಗಾತ ಮಲಗಿಸಿ ನೋಡಿದ ಮೇಲೆ ಮಗ್ಗುಲಾಗಿಸಿ ಮತ್ತೆ ನೋಡುತ್ತೇನೆ. ಇಂಪ್ಲಾಂಟ್‌ನ ಮಡಿಕೆಗಳಲ್ಲಿ ತೆಳುವಾದ ಕಪ್ಪು ಗೆರೆಯಷ್ಟು ನೀರಿದ್ದರೆ ಅದು ಸಹಜ. ಈ ತಾಯಿಗೆ ಇದ್ದದ್ದು ಗೆರೆಯಲ್ಲ. ಕಂಕುಳಿನ ಕಡೆಗೆ ಅಗಲವಾಗಿ ಹರಡಿದ ಕಪ್ಪು, ಅದರೊಳಗೆ ತೇಲುವ ಸಣ್ಣ ಚುಕ್ಕೆಗಳು. ಪೊರೆಯ ಉದ್ದಕ್ಕೂ ಪ್ರೋಬ್ ಎಳೆದು ಗಂಟೇನಾದರೂ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಕಂಕುಳಿನ ದುಗ್ಧಗ್ರಂಥಿಗಳೂ (ಲಿಂಫ್ ನೋಡ್) ಸರಿಯಾಗಿದ್ದವು. ಆದರೆ ಗಂಟು ಹಿಡಿಯುವುದರಲ್ಲಿ ಅಲ್ಟ್ರಾಸೌಂಡ್ ಅಷ್ಟೇನೂ ನಿಪುಣವಲ್ಲ, ನೀರನ್ನು ಹಿಡಿಯುವುದರಲ್ಲಿ ಗಟ್ಟಿ. ಸಂಶಯ ಉಳಿದರೆ ಎಂಆರ್‌ಐ ಇದೆ.

“ಮತ್ತೆ ಅದೇ ಬಂದಿದೆಯೇ ಮೇಡಂ?” ಎಂದು ಆಕೆ ಕೇಳಿದರು. ಚಿತ್ರ ನೋಡಿ ಹೇಳುವ ಮಾತಲ್ಲ, ನೀರು ತೆಗೆದು ಪರೀಕ್ಷೆಗೆ ಕಳಿಸೋಣಮ್ಮ ಎಂದೆ.

ನೀರು ಹೆಚ್ಚು ಆಳವಾಗಿದ್ದ ಮೂಲೆಯಲ್ಲಿ, ಇಂಪ್ಲಾಂಟ್‌ಗೆ ಸಮಾನಾಂತರವಾಗಿ ಸೂಜಿ ಇಳಿಸಿದೆ. ತುದಿ ಪರದೆಯಿಂದ ಮರೆಯಾದರೆ ಕೈ ಅಲ್ಲೇ ನಿಲ್ಲಬೇಕು, ಇಲ್ಲವಾದರೆ ಸಿಲಿಕೋನ್ ಚೀಲ ತೂತಾದೀತು. ಸಿರಿಂಜಿಗೆ ಬಂದದ್ದು ಮೊಸರಿನ ಮೇಲೆ ನಿಲ್ಲುವ ನೀರಿನಂಥ ಕದಡಿದ ಹಳದಿ ದ್ರವ. ಸಾಧ್ಯವಿದ್ದರೆ ಕನಿಷ್ಠ 50 ಮಿಲಿಲೀಟರ್ ಕಳಿಸಬೇಕು. ಒಂದಿಷ್ಟು ಕಳಿಸಿ ಉಳಿದದ್ದನ್ನು ಸಿಂಕಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ನನಗೆ ಅದನ್ನು ಕಂಡರೆ ಸಿಟ್ಟು ಬರುತ್ತದೆ.

ಅದಕ್ಕಿಂತ ಮುಖ್ಯ, ಜೊತೆಗಿಡುವ ಚೀಟಿ. ಬರೀ ‘ಸೀರೋಮಾ’ (ತುಂಬಿಕೊಂಡ ನೀರು) ಎಂದು ಬರೆದರೆ ಪ್ರಯೋಗಾಲಯದವರು ಸೋಂಕು ಹುಡುಕಿ ಕೈ ತೊಳೆದುಕೊಳ್ಳುತ್ತಾರೆ. ‘ಇಂಪ್ಲಾಂಟ್ ಇದೆ, ತಡವಾಗಿ ತುಂಬಿದ ನೀರು, ಲಿಂಫೋಮಾ ಶಂಕೆ, ಸಿಡಿ30 ಪರೀಕ್ಷಿಸಿ’ ಎಂದು ಬಿಡಿಸಿ ಬರೆದೆ, ರೋಗಶಾಸ್ತ್ರಜ್ಞರಿಗೆ ಫೋನೂ ಮಾಡಿದೆ. ಸಿಡಿ30, ಎಎಲ್‌ಕೆ ಎರಡೂ ಕೋಶಗಳಲ್ಲಿ ಹುಡುಕುವ ಪ್ರೋಟೀನ್‌ಗಳು. ದೊಡ್ಡ ಗಾತ್ರದ ಅಸಹಜ ಕೋಶಗಳಲ್ಲಿ ಸಿಡಿ30 ಪಾಸಿಟಿವ್, ಎಎಲ್‌ಕೆ ನೆಗೆಟಿವ್ ಎಂದು ವರದಿ ಬಂತು. ಈ ರೋಗದ ಗುರುತೇ ಅದು.

ರೋಗ ಎಲ್ಲೆಲ್ಲಿ ಹರಡಿದೆ ಎಂದು ಹೊಳಪಾಗಿ ತೋರಿಸುವ ಪೆಟ್-ಸಿಟಿ ಸ್ಕ್ಯಾನನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿ ಎಂದು ಸರ್ಜನ್‌ಗೆ ಹೇಳಿದೆ; ಆಮೇಲೆ ಮಾಡಿದರೆ ಗಾಯ ಮಾಯುವಾಗಿನ ಉರಿಯೂತವೂ ಹೊಳೆದು ದಾರಿ ತಪ್ಪಿಸುತ್ತದೆ. ರೋಗ ಪೊರೆಯಾಚೆ ಹೋಗಿರಲಿಲ್ಲ. ಇಂಪ್ಲಾಂಟನ್ನು ಪೊರೆಸಮೇತ ಇಡಿಯಾಗಿ ತೆಗೆದರು, ಕಿಮೊಥೆರಪಿ ಬೇಕಾಗಲಿಲ್ಲ.

ಈಗ ಇಂಪ್ಲಾಂಟ್ ಇರುವವರು ಬಂದರೆ ಅದರ ಕಂಪನಿ, ಬಗೆ ಬರೆದಿರುವ ಕಾರ್ಡ್ ತೋರಿಸಿ ಎನ್ನುತ್ತೇನೆ. ಈ ಲಿಂಫೋಮಾ ಕಾಣಿಸಿಕೊಳ್ಳುವುದು ಹೆಚ್ಚಾಗಿ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಲ್ಲಿ. ಅಲರ್ಗನ್ ಕಂಪನಿಯ ಬಯೋಸೆಲ್ ಬಗೆಯವನ್ನು 2019ರ ಜುಲೈಯಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಆ ಹೆಸರು ಕಾರ್ಡಿನಲ್ಲಿ ಕಂಡೊಡನೆ ತೆಗೆಸಿಬಿಡಲೇ ಎಂದು ಕೇಳುವವರಿದ್ದಾರೆ. ಊತ, ನೋವು, ಗಂಟು ಯಾವುದೂ ಇಲ್ಲದವರು ತೆಗೆಸಬೇಕಿಲ್ಲ ಎಂದು ಎಫ್‌ಡಿಎ ಆಗಲೇ ಹೇಳಿದೆ, ನಾನೂ ಅದನ್ನೇ ಹೇಳುತ್ತೇನೆ. ಒಂದು ಬದಿ ಮಾತ್ರ ದಪ್ಪವಾಯಿತು ಅನ್ನಿಸಿದರೆ ಮಾತ್ರ ಅದೇ ವಾರ ಬನ್ನಿ.