ಅರ್ಧಕ್ಕೆ ನಿಂತ ಮೈಗ್ರೇಷನ್: ನನ್ನ ಅನುಭವ

ಹಳ್ಳಿ ಡೇರಿಗಳಲ್ಲಿ ಹಾಲಿನ ಲೆಕ್ಕ ಇಡುವ ಒಂದು ಜಾಂಗೋ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಆ್ಯಪ್ ನಾನು ನೋಡಿಕೊಳ್ಳುತ್ತೇನೆ. ಬೆಳಗ್ಗೆ, ಸಂಜೆ ರೈತರು ಹಾಲು ತರುತ್ತಾರೆ. ಸೆಕ್ರೆಟರಿ ಲೀಟರು, ಫ್ಯಾಟು ಬರೆದುಕೊಳ್ಳುತ್ತಾರೆ. ಒಂದು ಮಧ್ಯಾಹ್ನ ಸದಸ್ಯರ ಟೇಬಲ್ಲಿಗೆ ಎರಡು ಕಾಲಂ ಸೇರಿಸಲು ಹೊರಟೆ. ಒಂದು ಫೋನ್ ನಂಬರ್. ಇನ್ನೊಂದು ಯುಯುಐಡಿ ಕೋಡ್, ಅಂದರೆ ಕಂಪ್ಯೂಟರ್ ಹುಟ್ಟಿಸುವ ಉದ್ದದ ಗುರುತಿನ ಸಂಖ್ಯೆ. ಅದು ಒಬ್ಬೊಬ್ಬರಿಗೂ ಬೇರೆ ಇರಬೇಕು, ಹಾಗಾಗಿ ಯುನೀಕ್ ಎಂದು ಬರೆದಿದ್ದೆ. ಹೀಗೆ ಟೇಬಲ್ಲಿನ ರಚನೆ ಬದಲಿಸುವ ಫೈಲಿಗೆ ಮೈಗ್ರೇಷನ್ ಎನ್ನುತ್ತಾರೆ, ಅದನ್ನು ಓಡಿಸುವ ಆಜ್ಞೆ ಮೈಗ್ರೇಟ್. ಲ್ಯಾಪ್‌ಟಾಪಿನಲ್ಲಿ ಮೈಗ್ರೇಟ್ ಸಲೀಸಾಗಿ ಓಡಿತು. ಸರ್ವರ್‌ನಲ್ಲಿ ಮೈಎಸ್‌ಕ್ಯುಎಲ್ ಡೇಟಾಬೇಸಿನ ಮೇಲೆ ನಿಂತುಬಿಟ್ಟಿತು: ಎರರ್ 1062, ಡೂಪ್ಲಿಕೇಟ್ ಎಂಟ್ರಿ.

ಮತ್ತೆ ಓಡಿಸಿದೆ. ಈ ಸಲ ಬೇರೆ ಎರರ್: 1060, ಫೋನ್ ಅನ್ನುವ ಕಾಲಂ ಆಗಲೇ ಇದೆ.

ಅಷ್ಟರಲ್ಲಿ ಒಂದು ಡೇರಿಯಿಂದ ಸೆಕ್ರೆಟರಿ ಫೋನ್ ಮಾಡಿದರು. "ಸಾರ್, ಹೊಸ ಮೆಂಬರ್ ಸೇರ್ಸಕ್ಕೆ ಆಗ್ತಿಲ್ಲ. ಸೇವ್ ಒತ್ತಿದ್ರೆ ಎರರ್ ಬರ್ತಿದೆ." ಹಾಲಿನ ಎಂಟ್ರಿ ಮಾತ್ರ ಎಂದಿನಂತೆ ಆಗುತ್ತಿತ್ತು.

ಜೊತೆಗಿದ್ದ ಹುಡುಗ ಕೇಳಿದ, "ಸರ್, ಫೇಕ್ ಮಾಡಿಬಿಡೋಣ್ವಾ?" ಅಂದರೆ, ಓಡಿಸದೆಯೇ ಮುಗಿಯಿತು ಎಂದು ಗುರುತು ಹಾಕುವುದು. ಬೇಡ ಅಂದೆ. ಯಾವ ಮೈಗ್ರೇಷನ್ ಮುಗಿದಿದೆ ಎಂದು ತಿಳಿಯಲು ಜಾಂಗೋ ನಿಮ್ಮ ಟೇಬಲ್ ತೆರೆದು ನೋಡುವುದಿಲ್ಲ. ಅದಕ್ಕೆಂದೇ ಜಾಂಗೋ_ಮೈಗ್ರೇಷನ್ಸ್ ಅನ್ನುವ ಟೇಬಲ್ ಇದೆ, ಅದರಲ್ಲಿ ಹೆಸರಿದ್ದರೆ ಮುಗಿದಿದೆ ಎಂದು ಲೆಕ್ಕ. ಫೇಕ್ ಮಾಡಿದರೆ ಅಲ್ಲಿ ಸುಮ್ನೆ ಒಂದು ಸಾಲು ಸೇರುತ್ತದೆ, ಅಷ್ಟೇ. ಕೋಡ್ ಕಾಲಂ ಹುಟ್ಟುವುದೇ ಇಲ್ಲ. ಆ್ಯಪಿನ ಹೊಸ ಪ್ರೋಗ್ರಾಂ ಹಾಕಿದ ಮೇಲೆ ಸದಸ್ಯರ ಪಟ್ಟಿ ತೆರೆದರೆ ಸಾಕು, ಅಂಥ ಕಾಲಂ ಇಲ್ಲ ಎಂದು 1054 ಬರುತ್ತದೆ.

ಮೊದಲು ಮೈಎಸ್‌ಕ್ಯುಎಲ್‌ಡಂಪ್‌ನಿಂದ ಡೇಟಾಬೇಸಿನ ಬ್ಯಾಕಪ್ ತೆಗೆದುಕೊಂಡೆ. ಆಮೇಲೆ ಶೋಮೈಗ್ರೇಷನ್ಸ್ ಓಡಿಸಿದೆ. ನನ್ನ ಹೊಸ ಮೈಗ್ರೇಷನ್ 0015ರ ಮುಂದೆ ಮುಗಿದ ಗುರುತಾದ ಎಕ್ಸ್ ಇಲ್ಲ, ಚೌಕ ಖಾಲಿ. ಶೋ ಕ್ರಿಯೇಟ್ ಟೇಬಲ್ ಕೊಟ್ಟು ಸದಸ್ಯರ ಟೇಬಲ್ ನೋಡಿದೆ. ಫೋನ್ ಇದೆ, ಕೋಡ್ ಇಲ್ಲ. ಮೈಗ್ರೇಷನ್ ಡೇಟಾಬೇಸಿಗೆ ಕಳಿಸುವ ಆಜ್ಞೆಗಳನ್ನು ತೋರಿಸುವ ಎಸ್‌ಕ್ಯುಎಲ್‌ಮೈಗ್ರೇಟ್ ಕೊಟ್ಟಾಗ ಉಳಿದದ್ದು ಬಿಡಿಸಿಕೊಂಡಿತು. ನನ್ನ ಒಂದು ಫೈಲಿನಿಂದ ಸಾಲಾಗಿ ನಾಲ್ಕು ಆಲ್ಟರ್ ಟೇಬಲ್‌ಗಳು (ಟೇಬಲ್ ಬದಲಿಸುವ ಆಜ್ಞೆಗಳು) ಬಂದಿದ್ದವು.

ಮೈಎಸ್‌ಕ್ಯುಎಲ್ ಪ್ರತಿ ಆಲ್ಟರ್ ಟೇಬಲ್ ಅನ್ನೂ ಆಗಿಂದಾಗಲೇ ಕಮಿಟ್, ಅಂದರೆ ಖಾಯಂ, ಮಾಡಿಬಿಡುತ್ತದೆ. ನಾಲ್ಕರಲ್ಲಿ ಮೂರನೆಯದು ಬಿದ್ದರೂ ಮೊದಲಿನ ಎರಡು ಹಾಗೇ ಉಳಿಯುತ್ತವೆ. 8.0ರಿಂದ ಅಟಾಮಿಕ್ ಡಿಡಿಎಲ್ (ರಚನೆಯ ಬದಲಾವಣೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಏರ್ಪಾಡು) ಬಂದಿದೆಯಲ್ಲ ಅಂತ ಕೇಳಬಹುದು. ಅದು ಒಂದು ಸ್ಟೇಟ್‌ಮೆಂಟಿಗೆ ಮಾತ್ರ, ಗುಂಪಿಗಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಿದ್ದರೆ ಇಡೀ ಫೈಲ್ ರೋಲ್‌ಬ್ಯಾಕ್ ಆಗಿ ಎಲ್ಲ ಮೊದಲಿನಂತೆ ಆಗುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಎಸ್‌ಕ್ಯುಲೈಟ್, ಟೇಬಲ್ಲಿನಲ್ಲಿ ಇದ್ದದ್ದು ಒಬ್ಬನೇ ಸದಸ್ಯ. ಒಂದೇ ಸಾಲಿದ್ದಾಗ ಡೂಪ್ಲಿಕೇಟ್ ಎಲ್ಲಿಂದ ಬರಬೇಕು?

ಸೆಕ್ರೆಟರಿಯವರ ತೊಂದರೆಗೆ ಕಾರಣ ಆ ನಾಲ್ಕರಲ್ಲಿ ಎರಡನೇ ಆಲ್ಟರ್ ಟೇಬಲ್‌ನಲ್ಲಿತ್ತು. ಫೋನ್ ಕಾಲಂ ಸೇರಿಸುವಾಗ ಜಾಂಗೋ ಖಾಲಿ ಡಿಫಾಲ್ಟ್ (ಏನೂ ಕೊಡದಿದ್ದಾಗ ತುಂಬುವ ಬೆಲೆ) ಕೊಡುತ್ತದೆ, ಮರುಕ್ಷಣ ಅದೇ ಡಿಫಾಲ್ಟನ್ನು ತೆಗೆದುಹಾಕುತ್ತದೆ. ನಾಟ್ ನಲ್, ಅಂದರೆ ಬೆಲೆ ಇರಲೇಬೇಕು ಎಂಬ ನಿಯಮ, ಮಾತ್ರ ಉಳಿಯುತ್ತದೆ. ಸರ್ವರ್‌ನಲ್ಲಿ ಇನ್ನೂ ಓಡುತ್ತಿದ್ದ ಆ್ಯಪಿನ ಹಳೇ ಪ್ರೋಗ್ರಾಮಿಗೆ ಫೋನ್ ಅನ್ನುವ ಕಾಲಂ ಇರುವುದೇ ಗೊತ್ತಿಲ್ಲ. ಇನ್ಸರ್ಟ್ ಮಾಡಲು ಹೋದರೆ ಡಿಫಾಲ್ಟ್ ಇಲ್ಲ ಎಂದು 1364. ಹಾಗಾಗಿ ಆ ಕಾಲಮ್ಮಿನಲ್ಲಿ ಒಂದು ನಂಬರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಕೈಯಿಂದಲೇ ಡ್ರಾಪ್ ಮಾಡಿದೆ. ಟೇಬಲ್ಲೂ ಮೈಗ್ರೇಷನ್ ಲೆಕ್ಕವೂ ಮತ್ತೆ 0014ರಲ್ಲಿ ಒಂದಾದವು. ಸೆಕ್ರೆಟರಿಗೆ ಫೋನ್ ಮಾಡಿ, "ಈಗ ಸೇರಿಸಿ ನೋಡಿ ಸಾರ್" ಅಂದೆ. ಆಯಿತು ಅಂದರು.

ಇನ್ನು ಮೂಲ ತಪ್ಪು, ಆ 1062. ಡಿಫಾಲ್ಟ್ ಜಾಗದಲ್ಲಿ ಯುಯುಐಡಿ4 ಫಂಕ್ಷನ್ ಇದೆಯಲ್ಲ, ಸಾಲಿಗೊಂದು ಹೊಸ ಕೋಡ್ ಹುಟ್ಟುತ್ತದೆ ಎಂದುಕೊಂಡಿದ್ದೆ. ಕಾಲಂ ಸೇರಿಸುವಾಗ ಜಾಂಗೋ ಅದನ್ನು ಒಂದೇ ಸಲ ಕರೆಯುತ್ತದೆ. ಹಳೇ ಸಾಲುಗಳಿಗೆಲ್ಲ ಅದೇ ಒಂದು ಕೋಡ್.

ಕೆಲಸವನ್ನು ಮೂರು ಫೈಲಾಗಿ ಒಡೆದೆ. ಮೊದಲನೆಯದರಲ್ಲಿ ಕೋಡ್ ಕಾಲಂ, ಯುನೀಕ್ ಇಲ್ಲದೆ, ನಲ್ ಇರಬಹುದು ಎಂದು. ಎರಡನೆಯದರಲ್ಲಿ ಮೈಗ್ರೇಷನ್ನಿನೊಳಗೆ ಪೈಥಾನ್ ಫಂಕ್ಷನ್ ಓಡಿಸುವ ರನ್‌ಪೈಥಾನ್, ಸಾಲಿಗೊಂದು ಕೋಡ್ ತುಂಬಲು. ಮೂರನೆಯದರಲ್ಲಿ ಯುನೀಕ್. ಡಂಪ್ ಹಾಕಿಕೊಂಡ ಕಾಪಿಯ ಮೇಲೆ ಓಡಿಸಿದೆ. ಮೂರನೇ ಫೈಲಿನಲ್ಲಿ ಮತ್ತೆ 1062!

ಇದನ್ನು ಹುಡುಕಲು ಒಂದು ಗಂಟೆ ಹಿಡಿಯಿತು. ಲೂಪಿನಲ್ಲಿ "ಕೋಡ್ ನಲ್ ಇರುವ ಸಾಲುಗಳು ಮಾತ್ರ" ಎಂದು ಫಿಲ್ಟರ್ ಹಾಕಿದ್ದೆ. ನಲ್ ಇರುವ ಸಾಲು ಒಂದೂ ಇರಲಿಲ್ಲ. ಮೊದಲ ಫೈಲಿನಲ್ಲಿ ಡಿಫಾಲ್ಟ್ ಹಾಗೇ ಬಿಟ್ಟಿದ್ದರಿಂದ, ನಲ್ ಇರಬಹುದು ಎಂದಿದ್ದರೂ ಜಾಂಗೋ ಎಲ್ಲ ಸಾಲಿಗೂ ಆ ಒಂದೇ ಕೋಡ್ ತುಂಬಿಬಿಟ್ಟಿತ್ತು. ಫಿಲ್ಟರ್ ತೆಗೆದು ಎಲ್ಲ ಸಾಲಿಗೂ ಹೊಸದಾಗಿ ಬರೆಸಿದೆ, ಸರಿಹೋಯಿತು. ರನ್‌ಪೈಥಾನ್ ಬರೆಯುವವರು ಮಾಡೆಲನ್ನು (ಟೇಬಲ್ಲನ್ನು ವಿವರಿಸುವ ಪೈಥಾನ್ ಕ್ಲಾಸ್) ನೇರ ಇಂಪೋರ್ಟ್ ಮಾಡಬೇಡಿ, ಆ್ಯಪ್ಸ್‌ನ ಗೆಟ್_ಮಾಡೆಲ್‌ನಿಂದಲೇ ತೆಗೆದುಕೊಳ್ಳಿ. ಇಲ್ಲದಿದ್ದರೆ ನಾಳೆ ಮಾಡೆಲ್ ಬದಲಾದಾಗ ಈ ಹಳೇ ಫೈಲ್ ಮುರಿಯುತ್ತದೆ. ಮೈಗ್ರೇಷನ್ ಹಿಂದಕ್ಕೆ ತಿರುಗಿಸುವ ದಾರಿಗೆ ನೂಪ್ (ಏನೂ ಮಾಡದ ಫಂಕ್ಷನ್) ಕೊಟ್ಟಿರಿ.

ಫೋನ್ ಕಾಲಮ್ಮಿಗೆ ಈ ಸಲ ಡಿಬಿ_ಡಿಫಾಲ್ಟ್ ಹಾಕಿದೆ. ಜಾಂಗೋ 5.0ರಲ್ಲಿ ಬಂದ ಈ ಸೌಲಭ್ಯ ನನಗಂತೂ ತುಂಬಾ ಬೇಕಾಗಿತ್ತು. ಡಿಫಾಲ್ಟ್ ಡೇಟಾಬೇಸಿನಲ್ಲೇ ಉಳಿಯುತ್ತದೆ, ಹಳೇ ಪ್ರೋಗ್ರಾಂ ಓಡುತ್ತಿದ್ದರೂ ಇನ್ಸರ್ಟ್ ನಿಲ್ಲುವುದಿಲ್ಲ.

ಸಂಜೆ ಹಾಲು ಮುಗಿದು ಡೇರಿಗಳು ಬಾಗಿಲು ಹಾಕಿದ ಮೇಲೆ, ಎಂಟೂವರೆಗೆ ಸರ್ವರ್‌ನಲ್ಲಿ ಓಡಿಸಿದೆ. ಮೂರೂ ಸಾಲಿನ ಮುಂದೆ ಓಕೆ ಬಂತು. ಮಧ್ಯಾಹ್ನ ಸೇರಿದ ಆ ಹೊಸ ಸದಸ್ಯರ ಸಾಲು ತೆರೆದು ನೋಡಿದೆ. ಅವರಿಗೂ ಒಂದು ಕೋಡ್ ಸಿಕ್ಕಿತ್ತು.