ಸೈ-ಫೈ ಸಿನಿಮಾದಲ್ಲಿ ಅದನ್ನು ತೆಗೆದ ಕಾಲದ ಭಯ ಹುಡುಕುವುದು ಹೇಗೆ?

ಸೈನ್ಸ್ ಫಿಕ್ಷನ್ ಸಿನಿಮಾ ಅಂದ ತಕ್ಷಣ ಕಥೆ ಯಾವ ಇಸವಿಯಲ್ಲಿ ನಡೆಯುತ್ತದೆ ಅಂತ ನೋಡುತ್ತೇವೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಸಿನಿಮಾ ತೆಗೆದ ಇಸವಿಯನ್ನು ಬರೆದುಕೊಳ್ಳಿ. ‘ಸೊಯ್ಲೆಂಟ್ ಗ್ರೀನ್’ ಕಥೆ ನಡೆಯುವುದು 2022ರಲ್ಲಿ, ಬಂದದ್ದು 1973ರಲ್ಲಿ. ಜನ ಜಾಸ್ತಿಯಾಗಿ ಊಟಕ್ಕೇ ಗತಿ ಇರಲ್ಲ ಅನ್ನುವ ಆ ಕಾಲದ ಆತಂಕವೇ ಅದರ ತುಂಬಾ ಇದೆ.

ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಪೆನ್ನು ಹಿಡಿಯಿರಿ. ಮಧ್ಯೆ ಆ ವರ್ಷದ ಸುದ್ದಿಗಳನ್ನು ಓದಿಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ.

ಯಾಕೆ ಅಂದರೆ, ಜಪಾನಿನ ‘ಗೊಜಿರಾ’ (ಗಾಡ್ಜಿಲ್ಲಾ) ನೋಡಿ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ವಿಕಿರಣದ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು, 23 ಜನ ಕಾಯಿಲೆ ಬಿದ್ದರು, ಸೆಪ್ಟೆಂಬರಿನಲ್ಲಿ ಒಬ್ಬರು ತೀರಿಕೊಂಡರು. ನವೆಂಬರಿನಲ್ಲಿ ಸಿನಿಮಾ ಬಂತು. ಶುರುವಾಗುವುದೇ ಕಣ್ಣು ಕುಕ್ಕುವ ಬೆಳಕಿಗೆ ಸಿಕ್ಕಿ ಹೊತ್ತಿ ಉರಿಯುವ ಹಡಗಿನಿಂದ! ಮುಂದೆ ರೈಲಿನಲ್ಲಿ ಒಬ್ಬ ಹೆಂಗಸು, ನಾಗಸಾಕಿಯಿಂದ ಹೇಗೋ ಬದುಕಿ ಬಂದೆ ಅನ್ನುವ ಮಾತಾಡುತ್ತಾಳೆ. ಸುದ್ದಿ ಗೊತ್ತಿಲ್ಲದಿದ್ದರೆ ಅದು ಬರೀ ದೊಡ್ಡ ಪ್ರಾಣಿಯ ಕಥೆ. ಗೊತ್ತಿದ್ದರೆ ಎದೆ ಹಿಂಡುತ್ತದೆ. 1956ರಲ್ಲಿ ಅಮೆರಿಕದವರು ಅಮೆರಿಕನ್ ಪತ್ರಕರ್ತನ ಪಾತ್ರವೊಂದನ್ನು ಸೇರಿಸಿ ಅದನ್ನು ಬೇರೆ ರೀತಿ ಜೋಡಿಸಿದರು, ಅಣುಬಾಂಬಿನ ಮಾತು ಎಷ್ಟೋ ಕಡಿಮೆಯಾಯಿತು. ಎರಡನ್ನೂ ನೋಡಿ, ಕತ್ತರಿ ಬಿದ್ದ ಜಾಗಗಳನ್ನು ಗುರುತು ಹಾಕಿಕೊಳ್ಳಿ.

ರಿಮೇಕ್‌ಗಳೂ ಹೀಗೇ ಸಹಾಯಕ್ಕೆ ಬರುತ್ತವೆ. ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ 1951ರಲ್ಲಿ ಬಂದಾಗ ಅನ್ಯಗ್ರಹದವನು ಅಣ್ವಸ್ತ್ರದ ಬಗ್ಗೆ ಎಚ್ಚರಿಸುತ್ತಾನೆ, 2008ರಲ್ಲಿ ಅವನ ಚಿಂತೆ ಮನುಷ್ಯರು ಭೂಮಿಯನ್ನೇ ಹಾಳು ಮಾಡುತ್ತಿದ್ದಾರೆ ಅನ್ನುವುದು.

ಸೀರಿಯಲ್ ಆದರೆ ಯಾರು ಎಲ್ಲಿ ಕೂತಿದ್ದಾರೆ ನೋಡಿ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ನ ಬಾಹ್ಯಾಕಾಶ ನೌಕೆಯಲ್ಲಿ ಕಪ್ಪು ವರ್ಣದ ಮಹಿಳೆ ಅಧಿಕಾರಿ. ಎರಡನೇ ಸೀಸನ್ನಿಗೆ, ಅದೂ ಶೀತಲ ಸಮರದ ನಡುವೆ, ರಷ್ಯದವನೊಬ್ಬ ಸೇರಿಕೊಂಡ. ಆದರೂ ಕ್ಯಾಪ್ಟನ್ ಕುರ್ಚಿಯಲ್ಲಿ ಯಾರು? ಬಿಳಿಯ ಅಮೆರಿಕನ್ ಗಂಡಸು. ಅದನ್ನೂ ಕೇಳಬೇಕು ಅಲ್ವಾ.

ಒಂದೇ ಅರ್ಥಕ್ಕೆ ಅಂಟಿಕೊಳ್ಳಬೇಡಿ. 1956ರ ‘ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ನಲ್ಲಿ ಊರಿನ ಜನರ ಜಾಗಕ್ಕೆ ಅವರಂತೆಯೇ ಕಾಣುವ, ಭಾವನೆಯಿಲ್ಲದ ನಕಲಿಗಳು ಬರುತ್ತವೆ. ಇದು ಕಮ್ಯುನಿಸಂ ಭಯದ ಸಿನಿಮಾ ಅಂತ ಕೆಲವರು, ಎಲ್ಲರೂ ಒಂದೇ ಥರ ಇರಬೇಕು ಅನ್ನುವ ಅಮೆರಿಕದ ಒತ್ತಡದ ಬಗ್ಗೆ ಅಂತ ಇನ್ನು ಕೆಲವರು ಓದುತ್ತಾರೆ. ಎರಡಕ್ಕೂ ದೃಶ್ಯಗಳು ಸಿಗುತ್ತವೆ. ಬರೆಯುವಾಗ ಪ್ರತಿ ಮಾತಿಗೂ ಒಂದು ದೃಶ್ಯ, ಒಂದು ಸುದ್ದಿ ಜೊತೆಗಿಡಿ. ದೃಶ್ಯ ಸಿಗದಿದ್ದರೆ ಆ ಮಾತನ್ನು ತೆಗೆದುಬಿಡಿ.