ಬಿಲ್ ಕಂಪನಿಯದು, ಪಾಯಿಂಟ್ ನಿಮ್ಮದು: ಆಫೀಸ್ ಕೆಲಸದ ಹೋಟೆಲ್ ವಾಸ್ತವ್ಯ ಖಾತೆಗೆ ಸೇರುವುದು ಹೇಗೆ?

ಬೆಳಗಿನ ಜಾವದ ವಿಮಾನ ಹಿಡಿದು ಮುಂಬೈಗೋ ಪುಣೆಗೋ ಹೋಗಿ, ಎರಡು ರಾತ್ರಿ ಹೋಟೆಲಿನಲ್ಲಿದ್ದು ವಾಪಸಾಗುವುದು ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಮಾನ್ಯತಾ ಟೆಕ್ ಪಾರ್ಕ್ ಕಡೆಯ ಎಷ್ಟೋ ಉದ್ಯೋಗಿಗಳಿಗೆ ಮಾಮೂಲು. ಬಿಲ್ ಕಟ್ಟುವುದು ಕಂಪನಿ. ಆದರೆ ದೊಡ್ಡ ಹೋಟೆಲ್ ಸರಣಿಗಳ ಸದಸ್ಯತ್ವ ಇರುವುದು ವ್ಯಕ್ತಿಗಳ ಹೆಸರಿನಲ್ಲಿ. ಕೂಡಿಟ್ಟರೆ ಮುಂದೆ ಉಚಿತ ರಾತ್ರಿ ತಂದುಕೊಡುವ ಪಾಯಿಂಟ್ ಸಿಗುವುದು ಕೊಠಡಿಯಲ್ಲಿ ಉಳಿದುಕೊಂಡವರಿಗೆ. ಹೀಗಿದ್ದೂ ವರ್ಷಕ್ಕೆ ಇಪ್ಪತ್ತು ಮೂವತ್ತು ರಾತ್ರಿ ಊರೂರು ಸುತ್ತುವವರ ಖಾತೆ ಖಾಲಿ ಉಳಿದಿರುತ್ತದೆ. ಪಾಯಿಂಟ್ ಕೈತಪ್ಪುವುದು ಸಾಮಾನ್ಯವಾಗಿ ಹೋಟೆಲಿನ ಕೌಂಟರಿನಲ್ಲಲ್ಲ, ಅದಕ್ಕೂ ವಾರ ಮೊದಲು, ಬುಕಿಂಗ್ ಮಾಡುವಾಗ.

ಮೊದಲು ಆಫೀಸಿನ ನಿಯಮ ನೋಡಿ

ಕಂಪನಿಯ ಟ್ರಾವೆಲ್ ಪಾಲಿಸಿಯಲ್ಲಿ ಇದರ ಬಗ್ಗೆ ಸಾಮಾನ್ಯವಾಗಿ ಒಂದೆರಡು ಸಾಲು ಇರುತ್ತದೆ. ಖಾಸಗಿ ಕಂಪನಿಗಳಲ್ಲಿ ಬಹಳಷ್ಟು ಕಡೆ ಪಾಯಿಂಟ್ ಉದ್ಯೋಗಿಗೇ ಬಿಟ್ಟದ್ದು. ಕೇಂದ್ರ ಸರ್ಕಾರಿ ನೌಕರರ ವಿಷಯ ಬೇರೆ: ಅಧಿಕೃತ ಪ್ರಯಾಣದ ವಿಮಾನ ಟಿಕೆಟ್‌ನಿಂದ ಬಂದ ಮೈಲೇಜ್ ಪಾಯಿಂಟ್‌ಗಳನ್ನು ಇಲಾಖೆಯ ಪ್ರಯಾಣಕ್ಕೇ ಬಳಸಬೇಕು, ಸ್ವಂತಕ್ಕೆ ಬಳಸಿದರೆ ಇಲಾಖಾ ಕ್ರಮ ಎಂಬ ಆದೇಶವೇ ಇದೆ. ಹೋಟೆಲ್ ಪಾಯಿಂಟ್ ವಿಚಾರದಲ್ಲೂ ಅವರು ಮೊದಲು ಇಲಾಖೆಯನ್ನು ಕೇಳಿಕೊಳ್ಳುವುದು ಒಳ್ಳೆಯದು.

ಎಚ್‌ಆರ್‌ನವರ ತಕರಾರು ಪಾಯಿಂಟ್ ಮೇಲಲ್ಲ, ಪಾಯಿಂಟ್ ಆಸೆಗೆ ದುಬಾರಿ ಹೋಟೆಲ್ ಹಿಡಿಯುವುದರ ಮೇಲೆ. ಪಾಲಿಸಿಯಲ್ಲಿ ರಾತ್ರಿಗೆ 6,000 ರೂಪಾಯಿ ಮಿತಿ ಇದ್ದರೆ ಆ ಮಿತಿಯೊಳಗೆ ನಿಮ್ಮ ಸರಣಿಯ ಹೋಟೆಲ್ ಸಿಕ್ಕರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಹೆಸರಿನ ಇನಿಷಿಯಲ್ ತಂದೊಡ್ಡುವ ಪೇಚು

ಮ್ಯಾರಿಯಟ್‌ನ ಬಾನ್‌ವಾಯ್, ಹಿಲ್ಟನ್ ಆನರ್ಸ್, ಐಎಚ್‌ಜಿ ಒನ್ ರಿವಾರ್ಡ್ಸ್, ವರ್ಲ್ಡ್ ಆಫ್ ಹಯಾತ್, ಅಕಾರ್‌ನ ಆಲ್, ನಮ್ಮಲ್ಲೇ ಕ್ಲಬ್ ಐಟಿಸಿ, ತಾಜ್ ಹೋಟೆಲುಗಳಿಗೆ ಟಾಟಾ ನ್ಯೂ. ಈ ಸದಸ್ಯತ್ವ ಯೋಜನೆಗಳೆಲ್ಲಕ್ಕೂ ಉಚಿತವಾಗಿ ಸೇರಬಹುದು. ಆದರೆ ಆಫೀಸಿನವರು ನಿಮ್ಮನ್ನು ಹೆಚ್ಚಾಗಿ ಕಳಿಸುವ ಊರುಗಳಲ್ಲಿ ಯಾವ ಸರಣಿಯ ಹೋಟೆಲುಗಳು ಕಂಪನಿಯ ಪಟ್ಟಿಯಲ್ಲಿವೆ ಎಂದು ಟ್ರಾವೆಲ್ ಡೆಸ್ಕ್‌ನಲ್ಲಿ ಕೇಳಿ, ಒಂದೋ ಎರಡೋ ಸರಣಿಗೆ ಅಂಟಿಕೊಳ್ಳಿ. ಐದು ಕಡೆ ಚೂರುಪಾರು ಕೂಡಿಟ್ಟರೆ ಒಂದರಲ್ಲೂ ಒಂದು ರಾತ್ರಿಗೆ ಸಾಲುವಷ್ಟು ಆಗುವುದಿಲ್ಲ.

ಖಾತೆ ತೆರೆಯುವಾಗ ಎರಡು ಎಚ್ಚರಿಕೆ. ಇಮೇಲ್ ವಿಳಾಸ ಸ್ವಂತದ್ದಿರಲಿ. ಆಫೀಸಿನ ವಿಳಾಸ ಕೊಟ್ಟರೆ ಕೆಲಸ ಬಿಟ್ಟ ದಿನ ಪಾಸ್‌ವರ್ಡ್ ಬದಲಿಸುವ ದಾರಿಯೂ ಮುಚ್ಚುತ್ತದೆ. ಎರಡನೆಯದು ನಮ್ಮ ಇನಿಷಿಯಲ್ ಸಮಸ್ಯೆ. ಆಧಾರ್‌ನಲ್ಲಿ ‘ಮಂಜುನಾಥ ಎಸ್’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೂ ಸೇರಿ ‘ಶಿವಪ್ಪ ಮಂಜುನಾಥ’, ಆಫೀಸಿನ ದಾಖಲೆಯಲ್ಲಿ ಬರೀ ‘ಮಂಜುನಾಥ್’. ಬುಕಿಂಗ್‌ನಲ್ಲಿರುವ ಹೆಸರೂ ಸದಸ್ಯತ್ವದ ಹೆಸರೂ ತಾಳೆಯಾಗದಿದ್ದರೆ ಕಂಪ್ಯೂಟರ್ ನಿಮ್ಮ ಸಂಖ್ಯೆಯನ್ನು ತಳ್ಳಿಹಾಕುವ ಸಾಧ್ಯತೆ ಇದೆ. ಮೂರರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು, ಸದಸ್ಯತ್ವ ಖಾತೆ ಮತ್ತು ಕಂಪನಿಯ ಟ್ರಾವೆಲ್ ಪ್ರೊಫೈಲ್ ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಅದನ್ನೇ ಬರೆಯಿರಿ.

ಯಾವ ದಾರಿಯಲ್ಲಿ ಬುಕಿಂಗ್ ಆಯಿತು?

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸರಣಿಯ ಸ್ವಂತ ವೆಬ್‌ಸೈಟ್, ಆ್ಯಪ್, ಫೋನ್ ಅಥವಾ ಹೋಟೆಲಿನ ಮೂಲಕ ನೇರವಾಗಿ ಆದ ಬುಕಿಂಗ್‌ಗೆ ಪಾಯಿಂಟ್ ಬರುತ್ತದೆ. ಕಂಪನಿಯು ಸರಣಿಯೊಂದಿಗೆ ಮಾಡಿಕೊಂಡ ಒಪ್ಪಂದದ ದರಕ್ಕೂ ಸಾಮಾನ್ಯವಾಗಿ ಬರುತ್ತದೆ; ರಿಯಾಯಿತಿ ದರ ಎಂಬ ಕಾರಣಕ್ಕೆ ಪಾಯಿಂಟ್ ಇಲ್ಲ ಎಂಬುದು ತಪ್ಪು ಕಲ್ಪನೆ. ಕಾರ್ಪೊರೇಟ್ ಟ್ರಾವೆಲ್ ಏಜೆಂಟ್ ಆ ಒಪ್ಪಂದದ ದರವನ್ನೇ ಹಾಕಿ ಬುಕ್ ಮಾಡಿದರೂ ತೊಂದರೆಯಿಲ್ಲ.

ಬರದೇ ಇರುವುದು ಯಾವುದಕ್ಕೆ? ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್, ಅಗೋಡಾದಂಥ ಮೂರನೆಯವರ ತಾಣಗಳ ಬುಕಿಂಗ್‌ಗೆ ಈ ಅಂತರರಾಷ್ಟ್ರೀಯ ಸರಣಿಗಳು ಕೊಠಡಿ ಬಾಡಿಗೆಯ ಮೇಲೆ ಪಾಯಿಂಟ್ ಕೊಡುವುದಿಲ್ಲ. ಸಮ್ಮೇಳನ, ತರಬೇತಿ ಎಂದು ಐವತ್ತು ಕೊಠಡಿ ಒಟ್ಟಿಗೆ ಹಿಡಿದು ಎಲ್ಲವನ್ನೂ ಒಂದೇ ಮಾಸ್ಟರ್ ಬಿಲ್‌ಗೆ ಹಾಕಿದಾಗಲೂ ನಿಮ್ಮ ಕೊಠಡಿಯ ಲೆಕ್ಕ ಬರುವುದು ಅಪರೂಪ.

ಹಾಗಾಗಿ ಟ್ರಾವೆಲ್ ಡೆಸ್ಕ್‌ನವರನ್ನು ಕೇಳಬೇಕಾದ ಪ್ರಶ್ನೆ ‘ಪಾಯಿಂಟ್ ಬರುತ್ತಾ?’ ಎಂದಲ್ಲ. ಅವರಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿರಬೇಕಾದ್ದೂ ಇಲ್ಲ. ‘ಇದು ಹೋಟೆಲಿನ ನೇರ ಕನ್ಫರ್ಮೇಶನ್ ನಂಬರಾ, ಪೋರ್ಟಲ್‌ನ ವೋಚರಾ?’ ಎಂದು ಕೇಳಿ. ವೋಚರ್ ಎಂದರೆ ಹಣ ಪೋರ್ಟಲ್‌ಗೆ ಸಂದಿದೆ, ಹೋಟೆಲಿನ ಪಾಲಿಗೆ ಗಿರಾಕಿ ಪೋರ್ಟಲ್ಲೇ. ಹೋಟೆಲಿನ ಕನ್ಫರ್ಮೇಶನ್ ನಂಬರ್ ಆಗಿದ್ದರೆ ಅದನ್ನು ಸರಣಿಯ ಆ್ಯಪ್‌ನಲ್ಲಿ ಹುಡುಕಿ ನೋಡಿ. ಸದಸ್ಯತ್ವ ಸಂಖ್ಯೆ ಸರಿಯಾಗಿ ಸೇರಿದ್ದರೆ ‘ನನ್ನ ಟ್ರಿಪ್‌ಗಳು’ ಪಟ್ಟಿಯಲ್ಲಿ ಬುಕಿಂಗ್ ತಾನಾಗಿಯೇ ಕಾಣಿಸುತ್ತದೆ. ಕಾಣದಿದ್ದರೆ ಹೋಟೆಲಿಗೆ ಫೋನ್ ಮಾಡಿ ಸಂಖ್ಯೆ ಸೇರಿಸಲು ಹೇಳಿ. ಎರಡು ನಿಮಿಷದ ಕೆಲಸ.

ಚೆಕ್‌ಇನ್ ಕೌಂಟರಿನಲ್ಲಿ

ಗುರುತಿನ ಚೀಟಿ ಕೊಡುವಾಗಲೇ ಎರಡು ಮಾತು ಕೇಳಿ: ನನ್ನ ಸದಸ್ಯತ್ವ ಸಂಖ್ಯೆ ಬುಕಿಂಗ್‌ನಲ್ಲಿ ಕಾಣುತ್ತಿದೆಯೇ, ಈ ದರ ಪಾಯಿಂಟ್‌ಗೆ ಅರ್ಹವೇ. ಸಹೋದ್ಯೋಗಿಯ ಜೊತೆ ಒಂದೇ ಕೊಠಡಿ ಹಂಚಿಕೊಂಡಿದ್ದರೆ ಪಾಯಿಂಟ್ ಒಬ್ಬರಿಗೇ. ಈ ಸಲ ನೀವು, ಮುಂದಿನ ಸಲ ಅವರು ಎಂದು ಮೊದಲೇ ಮಾತಾಡಿಕೊಂಡರೆ ಕೌಂಟರಿನ ಮುಂದೆ ಮುಜುಗರ ತಪ್ಪುತ್ತದೆ. ಮ್ಯಾರಿಯಟ್ ಜೊತೆ ಕೈಜೋಡಿಸಿರುವ ಐಟಿಸಿಯ ಲಕ್ಷುರಿ ಕಲೆಕ್ಷನ್ ಹೋಟೆಲುಗಳಲ್ಲಿ ಬಾನ್‌ವಾಯ್ ಅಥವಾ ಕ್ಲಬ್ ಐಟಿಸಿ, ಯಾವುದಾದರೂ ಒಂದು ಮಾತ್ರ.

ಬಿಟಿಸಿ, ಜಿಎಸ್‌ಟಿ ಮತ್ತು ಬಿಲ್

ಬಿಲ್ ಮೇಲೆ ಕಂಪನಿಯ ಜಿಎಸ್‌ಟಿ ಸಂಖ್ಯೆ ಹಾಕಿಸಿದರೆ ಪಾಯಿಂಟ್ ಹೋಗುತ್ತದೆ ಎಂಬ ಭಯ ಹಲವರಿಗಿದೆ. ಎರಡಕ್ಕೂ ಸಂಬಂಧವಿಲ್ಲ. ಬಿಲ್‌ನಲ್ಲಿ ‘ಅತಿಥಿ’ ಎಂಬಲ್ಲಿ ನಿಮ್ಮ ಹೆಸರು, ‘ಕಂಪನಿ’ ಎಂಬಲ್ಲಿ ಕಂಪನಿಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರಬೇಕು. ಕೆಡುವುದು ಎಲ್ಲಿ ಎಂದರೆ, ಹೊರಡುವ ಅವಸರದಲ್ಲಿ ‘ಬಿಲ್ ಕಂಪನಿ ಹೆಸರಿಗೆ ಮಾಡಿ’ ಎಂದಾಗ ಸಿಬ್ಬಂದಿ ಅತಿಥಿಯ ಹೆಸರನ್ನೇ ಅಳಿಸಿ ಕಂಪನಿಯ ಹೆಸರು ಹಾಕಿದರೆ. ಜಿಎಸ್‌ಟಿ ವಿವರವನ್ನು ಚೆಕ್‌ಇನ್‌ನಲ್ಲೇ ಕೊಟ್ಟುಬಿಡಿ.

ಯಾವ ಜಿಎಸ್‌ಟಿ ಸಂಖ್ಯೆ ಎಂದು ಅಕೌಂಟ್ಸ್‌ನವರನ್ನೇ ಕೇಳಿ. ಹೋಟೆಲ್ ಇರುವ ರಾಜ್ಯದಲ್ಲೇ ತೆರಿಗೆ ಬೀಳುವುದರಿಂದ ಮುಂಬೈ ಹೋಟೆಲ್ ಹಾಕುವುದು ಮಹಾರಾಷ್ಟ್ರದ ಜಿಎಸ್‌ಟಿ. ಕಂಪನಿಯ ಕರ್ನಾಟಕದ ಸಂಖ್ಯೆಗೆ ಅದರ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆಯನ್ನು ಕಂಪನಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗದು. ಅಲ್ಲಿ ನೋಂದಣಿ ಇರುವ ಕಂಪನಿಗಳು ಅಲ್ಲಿನ ಸಂಖ್ಯೆಯನ್ನೇ ಕೊಡುತ್ತವೆ. ತಪ್ಪು ಸಂಖ್ಯೆ ಕೊಟ್ಟು ಆಮೇಲೆ ಬಿಲ್ ಬದಲಿಸಿ ಎಂದು ಹಿಂದೆ ಬಿದ್ದರೆ ಪಾಯಿಂಟ್ ಲೆಕ್ಕವೂ ಗೋಜಲಾಗುತ್ತದೆ.

ಇನ್ನು ಬಿಟಿಸಿ, ಅಂದರೆ ಹೋಟೆಲ್ ನೇರವಾಗಿ ಕಂಪನಿಗೆ ಬಿಲ್ ಕಳಿಸುವ ಏರ್ಪಾಡು. ಇಲ್ಲಿ ನಿಮ್ಮ ಹೆಸರಿನ ಲೆಕ್ಕಪಟ್ಟಿಯಲ್ಲೇ ಬಾಡಿಗೆ ದಾಖಲಾಗಿ, ಪಾವತಿ ಮಾತ್ರ ಕಂಪನಿಯದಾಗಿದ್ದರೆ ಪಾಯಿಂಟ್ ಬರುವ ಸಾಧ್ಯತೆ ಚೆನ್ನಾಗಿದೆ. ಬಾಡಿಗೆಯನ್ನೇ ನಿಮ್ಮ ಪಟ್ಟಿಯಿಂದ ಎತ್ತಿ ಕಂಪನಿಯ ಮಾಸ್ಟರ್ ಖಾತೆಗೆ ಹಾಕಿದ್ದರೆ ನಿಮ್ಮ ಲೆಕ್ಕದಲ್ಲಿ ಉಳಿಯುವುದು ನೀವೇ ಕೊಟ್ಟ ಊಟ, ಲಾಂಡ್ರಿಯ ಹಣ ಮಾತ್ರ. ಚೆಕ್‌ಔಟ್‌ಗೆ ಮುಂಚೆ ಬಿಲ್ಲಿನ ಕರಡು ಪ್ರತಿ ತರಿಸಿ ನೋಡಿ: ಬಾಡಿಗೆ ಸಾಲು ನಿಮ್ಮ ಹೆಸರಿನಡಿ ಇದೆಯೇ? ಬಿಟಿಸಿಯಲ್ಲಿ ಬಿಲ್ಲಿನ ಪ್ರತಿ ನಿಮ್ಮ ಕೈಗೆ ಬರುವುದೇ ಇಲ್ಲ ಎಂಬುದೂ ಒಂದು ತೊಡಕು. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಆಮೇಲೆ ಕಂಪನಿಯಿಂದ ವಸೂಲು ಮಾಡುವ ಅವಕಾಶವಿದ್ದರೆ ಕಾರ್ಡಿನ ಪಾಯಿಂಟ್ ಪ್ರತ್ಯೇಕವಾಗಿ ಸಿಗುತ್ತದೆ. ಆದರೆ ಆಫೀಸಿನ ಹಣ ಬರುವ ಮೊದಲೇ ಕಾರ್ಡಿನ ಗಡುವು ಬಂದು, ಪೂರ್ತಿ ಕಟ್ಟಲಾಗದೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಬಿದ್ದರೆ ಮೂಗಿಗಿಂತ ಮೂಗುತಿ ಭಾರ.

ಎಷ್ಟು ಬರುತ್ತದೆ?

ಮ್ಯಾರಿಯಟ್‌ನ ಬಹುತೇಕ ಬ್ರ್ಯಾಂಡ್‌ಗಳಲ್ಲಿ ಡಾಲರಿಗೆ 10 ಪಾಯಿಂಟ್. ರಾತ್ರಿಗೆ 8,000ದಂತೆ ಮೂರು ರಾತ್ರಿಗೆ 24,000 ರೂಪಾಯಿ ಬಾಡಿಗೆ ಇಟ್ಟುಕೊಳ್ಳಿ. ರಾತ್ರಿಯ ಬಾಡಿಗೆ 7,500 ಮೀರಿದ್ದರಿಂದ ಶೇ. 18ರಂತೆ 4,320 ಜಿಎಸ್‌ಟಿ ಸೇರಿ ಬಿಲ್ 28,320. ತೆರಿಗೆಗೆ ಪಾಯಿಂಟ್ ಇಲ್ಲ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 24,000 ರೂಪಾಯಿ ಸುಮಾರು 267 ಡಾಲರ್, ಅಂದರೆ 2,670ರಷ್ಟು ಪಾಯಿಂಟ್. ಹೆಚ್ಚು ರಾತ್ರಿ ಉಳಿದು ಗೋಲ್ಡ್ ದರ್ಜೆಗೇರಿದ ಸದಸ್ಯರಿಗೆ ಅದರ ಮೇಲೆ ಶೇ. 25 ಹೆಚ್ಚುವರಿ. ಹಿಲ್ಟನ್‌ನ ಬಹುತೇಕ ಹೋಟೆಲುಗಳಲ್ಲೂ ಐಎಚ್‌ಜಿಯಲ್ಲೂ ಡಾಲರಿಗೆ 10, ಹಯಾತ್‌ನಲ್ಲಿ 5. ಸಂಖ್ಯೆ ನೋಡಿ ಮರುಳಾಗಬೇಡಿ. ಒಂದು ಸರಣಿಯ ಪಾಯಿಂಟ್‌ಗೂ ಇನ್ನೊಂದರದಕ್ಕೂ ಬೆಲೆ ಬೇರೆ. ತಿಂಗಳುಗಟ್ಟಲೆ ಪ್ರಾಜೆಕ್ಟ್ ಮೇಲೆ ಹೋಗುವವರು ಇದನ್ನು ಗಮನಿಸಿ: ಮ್ಯಾರಿಯಟ್ ಎಕ್ಸಿಕ್ಯುಟಿವ್ ಅಪಾರ್ಟ್‌ಮೆಂಟ್ಸ್‌ನಲ್ಲಿ ಸಿಗುವುದು ಡಾಲರಿಗೆ ಬರೀ 2.5.

ಬರಲೇ ಇಲ್ಲವಾದರೆ

ಚೆಕ್‌ಔಟ್ ಆಗಿ ಹತ್ತು ದಿನ ಕಾಯಿರಿ. ಆಮೇಲೂ ಕಾಣದಿದ್ದರೆ ಸರಣಿಯ ವೆಬ್‌ಸೈಟ್‌ನಲ್ಲಿ ಬಿಟ್ಟುಹೋದ ವಾಸ್ತವ್ಯಕ್ಕಾಗಿಯೇ ಒಂದು ಅರ್ಜಿ ಇರುತ್ತದೆ. ಹೋಟೆಲಿನ ಹೆಸರು, ಬಂದ ಮತ್ತು ಹೋದ ದಿನಾಂಕ, ಕನ್ಫರ್ಮೇಶನ್ ನಂಬರ್, ಬಿಲ್ಲಿನ ಪ್ರತಿ ಬೇಕು. ಮೂಲ ಬಿಲ್ಲನ್ನು ಅಕೌಂಟ್ಸ್‌ಗೆ ಕೊಟ್ಟು ಕೈತೊಳೆದುಕೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಚೆಕ್‌ಔಟ್ ದಿನಕ್ಕೆ ಹತ್ತು ದಿನ ಸೇರಿಸಿ ಫೋನಿನಲ್ಲಿ ಅಲಾರಂ ಇಟ್ಟುಕೊಂಡರೆ ಸಾಕು.

ಖರ್ಚು ಮಾಡುವಾಗ

ಪಾಯಿಂಟ್‌ಗೂ ಆಯಸ್ಸಿದೆ. ಬಾನ್‌ವಾಯ್, ಹಿಲ್ಟನ್, ಹಯಾತ್‌ಗಳಲ್ಲಿ 24 ತಿಂಗಳು ಖಾತೆಯಲ್ಲಿ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟ್ ರದ್ದು; ಐಎಚ್‌ಜಿಯ ಸಾಮಾನ್ಯ ಸದಸ್ಯರಿಗೆ 12 ತಿಂಗಳು. ಬಾನ್‌ವಾಯ್‌ನಲ್ಲಿ ಪಾಯಿಂಟ್ ಕೊಟ್ಟು ಒಂದೇ ಹೋಟೆಲಿನಲ್ಲಿ ಸತತ ಐದು ರಾತ್ರಿ ಹಿಡಿದರೆ ನಾಲ್ಕು ರಾತ್ರಿಯ ಪಾಯಿಂಟ್ ಮಾತ್ರ ಖಾತೆಯಿಂದ ಕಳೆಯುತ್ತಾರೆ, ದಸರಾ ರಜೆಗೆ ಊರು ಬಿಡುವ ಮನೆಯವರಿಗೆ ಇದು ಲಾಭ. ಪಾಯಿಂಟ್ ಕೊಟ್ಟು ಆಫೀಸ್ ಕೆಲಸಕ್ಕೆ ಉಳಿದುಕೊಂಡು, ಆ ರಾತ್ರಿಯ ಬಾಡಿಗೆಯನ್ನು ಕಂಪನಿಯಿಂದ ಕೇಳುವಂತಿಲ್ಲ. ಬಿಲ್ ಇಲ್ಲದ ಖರ್ಚಿಗೆ ಬಿಲ್ ಸೃಷ್ಟಿಸಿ ಕೆಲಸವನ್ನೇ ಕಳೆದುಕೊಳ್ಳಬೇಡಿ.

ಪಾಯಿಂಟ್‌ಗಿಂತ ರಾತ್ರಿಗಳ ಎಣಿಕೆಯ ಮೇಲೆ ಕಣ್ಣಿಡುವುದು ಜಾಣತನ. ಬಾನ್‌ವಾಯ್‌ನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ 10 ರಾತ್ರಿಗೆ ಸಿಲ್ವರ್ ದರ್ಜೆ, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ. ತಿಂಗಳಿಗೆ ಎರಡು ರಾತ್ರಿ ಪ್ರಯಾಣಿಸುವವರದ್ದು ವರ್ಷಕ್ಕೆ 24ಕ್ಕೆ ನಿಲ್ಲುತ್ತದೆ. ನವೆಂಬರ್‌ನಲ್ಲಿ ಆ್ಯಪ್ ತೆರೆದು ನೋಡಿ. ಒಂದೇ ರಾತ್ರಿ ಕಡಿಮೆ ಬಿದ್ದಿದ್ದರೆ ಸ್ವಂತ ಹಣದಲ್ಲಿ ಮನೆಯವರನ್ನು ಕರೆದುಕೊಂಡು ಮಡಿಕೇರಿಯ ಮ್ಯಾರಿಯಟ್‌ಗೋ, ಅಷ್ಟು ದೂರ ಬೇಡವೆಂದರೆ ರಾಜಾಜಿನಗರದಲ್ಲಿರುವ ಅದೇ ಸರಣಿಯ ಫೇರ್‌ಫೀಲ್ಡ್‌ಗೋ ಒಂದು ರಾತ್ರಿ ಹೋಗಿಬನ್ನಿ.